ಅಪ್ಪಾ, ಪಾರ್ಟಿ ಅಂದ್ರೆ ಏನು?

ಪೇಟೆಬೀದಿಯ ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆ ಪಕ್ಕ ಕೂತಿದ್ದ ಎರಡನೇ ಕ್ಲಾಸಿನ ಹುಡುಗಿ ಬಾವುಟ ಕಟ್ಟಿದ ಆಟೋ ನೋಡಿ ಕೇಳಿದಳು: "ಅಪ್ಪಾ, ಪಾರ್ಟಿ ಅಂದ್ರೆ ಏನು?"

"ಎಲ್ಲಾ ಕಳ್ಳರ ಸಂತೆ. ಹೋಗು, ಮಗ್ಗಿ ಓದ್ಕೋ."

ಅವಳು ಹೋಗಲಿಲ್ಲ. "ಎದುರು ಅಂಗಡಿ ಮಾಮ ಬೇರೆ ಪಾರ್ಟಿಯೋರಂತೆ. ಅವರ ಮಗಳ ಜೊತೆ ಆಡಬಾರದಾ?"

ಸಕ್ಕರೆ ತೂಗುತ್ತಿದ್ದ ಅಪ್ಪನ ಕೈ ನಿಂತಿತು. ಹೋದ ಚುನಾವಣೆಯಲ್ಲಿ ಮಾತಿಗೆ ಮಾತು ಬೆಳೆದು, ಎರಡೂ ಅಂಗಡಿಯವರು ಒಬ್ಬರನ್ನೊಬ್ಬರು ಚಿಲ್ಲರೆ ಕೇಳುವುದನ್ನೂ ಬಿಟ್ಟಿದ್ದಾರೆ!

ಇಂಥ ಬೀದಿಗಳು ಊರಿಗೆ ಹತ್ತಾರು. ಮಕ್ಕಳಿಗೆ ಹೇಳುವುದಾದರೂ ಏನು?

ಕಷ್ಟವೇನಿಲ್ಲ. ಬೀದಿಗೆ ದುಡ್ಡು ಬಂತು ಎನ್ನಿ. ಮೊದಲು ನಲ್ಲಿ ಆಗಲಿ ಅಂತ ಕೆಲವರು, ರಸ್ತೆ ಆಗಲಿ ಅಂತ ಕೆಲವರು. ಒಂದೇ ಮಾತಿನವರು ಸೇರಿ ಕಟ್ಟಿಕೊಂಡ ಗುಂಪೇ ಪಕ್ಷ. ಯಾರ ಮಾತು ನಡೆಯಬೇಕೆಂದು ಜನ ಓಟು ಹಾಕಿ ಹೇಳುತ್ತಾರೆ.

ಗುರುತು ಯಾಕೆ? 1951-52ರ ಮೊದಲ ಮಹಾ ಚುನಾವಣೆಯಲ್ಲಿ ಬಹಳ ಜನಕ್ಕೆ ಓದು ಬರುತ್ತಿರಲಿಲ್ಲ. ಚಿತ್ರ ನೋಡಿ ಓಟು ಹಾಕಿದರು. ಆಗ ಕಾಂಗ್ರೆಸ್ಸಿಗೆ ಜೋಡೆತ್ತು. ಆಮೇಲೆ ಹಸು-ಕರು, 1978ರಿಂದ ಕೈ. 1980ರಲ್ಲಿ ಹುಟ್ಟಿದ ಬಿಜೆಪಿಗೆ ಕಮಲ. ಜೆಡಿಎಸ್‌ಗೆ ತೆನೆ ಹೊತ್ತ ಮಹಿಳೆ. ಅಜ್ಜಂದಿರನ್ನು ಕೇಳಿದರೆ ಕಥೆಯಂತೆ ಹೇಳುತ್ತಾರೆ.

ಇನ್ನು ಲೆಕ್ಕ. ರಾಜ್ಯದ ವಿಧಾನಸಭೆಯಲ್ಲಿ 224 ಸೀಟು. 113 ಇದ್ದವರದು ಸರ್ಕಾರ. ಎದುರು ಕೂರುವವರು ವಿರೋಧ ಪಕ್ಷ. ವಿರೋಧ ಎಂದರೆ ವೈರ ಅಲ್ಲ. ತಕ್ಕಡಿ ಸರಿಯಿದೆಯಾ ಎಂದು ಕಣ್ಣಿಟ್ಟು ನೋಡುವ ಗಿರಾಕಿ ಇದ್ದ ಹಾಗೆ. ಅಂಥ ಗಿರಾಕಿ ಇಲ್ಲದಿದ್ದರೆ ತೂಕ ಏನಾಗುತ್ತದೆ ಎಂಬುದು ವರ್ತಕರಿಗೆ ಹೇಳಬೇಕಿಲ್ಲ!

ಈಗ ದೊಡ್ಡವರು ಕಲಿಯಬೇಕಾದ ಪಾಠ. 2006ರಲ್ಲಿ ಜೆಡಿಎಸ್ ಸರ್ಕಾರ ಮಾಡಿದ್ದು ಬಿಜೆಪಿ ಜೊತೆ. 2018ರಲ್ಲಿ ಅದೇ ಜೆಡಿಎಸ್ ಕಾಂಗ್ರೆಸ್ ಜೊತೆ. 2024ರ ಲೋಕಸಭಾ ಚುನಾವಣೆಗೆ ಮತ್ತೆ ಬಿಜೆಪಿ ಜೊತೆ. ನಿನ್ನೆ ಬೈದಾಡಿದವರು ಇವತ್ತು ಒಂದೇ ವೇದಿಕೆಯಲ್ಲಿ ಕೂರುತ್ತಾರೆ. ಅವರಿಗಾಗಿ ಜಗಳ ಆಡಿದ ಪೇಟೆಬೀದಿಯವರು ಮಾತ್ರ ಮುಖ ತಿರುಗಿಸಿಕೊಂಡೇ ಓಡಾಡಬೇಕೆ?

ದಿನಸಿ ಅಂಗಡಿಯ ಅಪ್ಪ ಪೊಟ್ಟಣ ಕಟ್ಟಿ ಮುಗಿಸಿದರು. ಗಲ್ಲಾದಿಂದ ನೂರರ ನೋಟೊಂದು ತೆಗೆದು ಮಗಳ ಕೈಗಿಟ್ಟರು.

"ಆಡ್ಕೋ ಹೋಗಮ್ಮ. ಹಂಗೇ ಮಾಮನ್ನ ಕೇಳು, ನೂರಕ್ಕೆ ಚಿಲ್ಲರೆ ಇದ್ಯಾ ಅಂತ."