ಗುಂಡಿ ಒತ್ತಿದರೂ ಏಳದ ಕಂಪ್ಯೂಟರ್

ಹೊಸ ಗ್ರಾಫಿಕ್ಸ್ ಕಾರ್ಡ್ ಕೂರಿಸಿದ್ದಾಯಿತು, ರ್‍ಯಾಮ್ ಹೆಚ್ಚಿಸಿದ್ದಾಯಿತು, ಕ್ಯಾಬಿನೆಟ್ಟಿನ ಮುಚ್ಚಳ ಹಾಕಿ ಸ್ಕ್ರೂ ಬಿಗಿದದ್ದೂ ಆಯಿತು. ಪವರ್ ಬಟನ್ ಒತ್ತಿದರೆ ಸದ್ದಿಲ್ಲ, ದೀಪವಿಲ್ಲ, ಫ್ಯಾನ್ ಅಲುಗುವುದಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಚೆನ್ನಾಗಿಯೇ ಓಡುತ್ತಿದ್ದ ಯಂತ್ರವಿದು. ಇಂಥ ಹೊತ್ತಿನಲ್ಲಿ ಬಾಯಿಗೆ ಮೊದಲು ಬರುವುದು ‘ಸುಟ್ಟುಹೋಯಿತು’ ಎಂಬ ಮಾತು. ಆದರೆ ಹೆಚ್ಚಿನ ಸಲ ಏನೂ ಸುಟ್ಟಿರುವುದಿಲ್ಲ. ಕಂಪ್ಯೂಟರ್ ಏಳುವ ಮುನ್ನ ಅದರ ಭಾಗಗಳು ಒಂದರ ಒಪ್ಪಿಗೆಗಾಗಿ ಇನ್ನೊಂದು ಕಾಯುತ್ತವೆ. ಎಲ್ಲೋ ಒಂದು ಕಡೆ ಒಪ್ಪಿಗೆ ಸಿಕ್ಕಿಲ್ಲ. ಎಲ್ಲಿ ಎಂದು ಪತ್ತೆ ಮಾಡಬೇಕಾದರೆ ಒಪ್ಪಿಗೆಯ ಆ ಸರದಿ ನಮಗೆ ಗೊತ್ತಿರಬೇಕು.

1990ರ ದಶಕದ ಮೊದಲರ್ಧದ ಕಂಪ್ಯೂಟರುಗಳಲ್ಲಿ ಗೋಡೆಯ ಕರೆಂಟು ಕ್ಯಾಬಿನೆಟ್ಟಿನ ಮುಂಭಾಗದ ಸ್ವಿಚ್ಚಿನವರೆಗೂ ಬರುತ್ತಿತ್ತು. ಒತ್ತಿದರೆ ಹತ್ತಿತು, ಮತ್ತೆ ಒತ್ತಿದರೆ ಆರಿತು. ವಿಂಡೋಸ್ 95 ಕೆಲಸ ಮುಗಿಸಿದ ಮೇಲೆ, ಈಗ ಕಂಪ್ಯೂಟರನ್ನು ಆರಿಸಬಹುದು ಎಂದು ಕಿತ್ತಳೆ ಬಣ್ಣದ ಅಕ್ಷರಗಳಲ್ಲಿ ತಿಳಿಸಿ ಕಾದು ನಿಲ್ಲುತ್ತಿದ್ದುದು ಇದರಿಂದಲೇ. ತಾನಾಗಿ ಆರಿಸಿಕೊಳ್ಳಲು ಅದಕ್ಕೆ ದಾರಿ ಇರಲಿಲ್ಲ. 1995ರಲ್ಲಿ ಇಂಟೆಲ್ ಮುಂದಿಟ್ಟ ಎಟಿಎಕ್ಸ್ ವಿನ್ಯಾಸ ಈ ಪದ್ಧತಿಯನ್ನು ಬದಲಿಸಿತು. ಇಂದಿನ ಬಟನ್ನಿನ ಹಿಂದಿರುವುದು ಎರಡು ಸಪೂರ ತಂತಿಗಳು ಮಾತ್ರ. ಒತ್ತಿದಾಗ ಅವು ಕ್ಷಣಕಾಲ ಕೂಡಿಕೊಳ್ಳುತ್ತವೆ. ಅದು ಮದರ್‌ಬೋರ್ಡಿಗೆ ಸಲ್ಲಿಸುವ ಒಂದು ಕೋರಿಕೆ. ಏಳುವುದೋ ಬಿಡುವುದೋ ಆಮೇಲಿನ ತೀರ್ಮಾನ.

ಕೋರಿಕೆ ಕೇಳಿಸಿಕೊಳ್ಳಲು ಒಳಗೆ ಯಾರಾದರೂ ಎಚ್ಚರವಾಗಿರಬೇಕಲ್ಲ? ಆ ಕೆಲಸಕ್ಕೆಂದೇ ಎಸ್‌ಎಂಪಿಎಸ್, ಅಂದರೆ ಕ್ಯಾಬಿನೆಟ್ಟಿನ ಮೂಲೆಯಲ್ಲಿರುವ ವಿದ್ಯುತ್ ಪೆಟ್ಟಿಗೆ, ಪ್ಲಗ್ ಹಾಕಿದ ಗಳಿಗೆಯಿಂದ 5 ವೋಲ್ಟಿನ ಒಂದು ಸಣ್ಣ ಪೂರೈಕೆಯನ್ನು ಸದಾ ಕೊಡುತ್ತಿರುತ್ತದೆ. ಹಳೆಯ ಬಣ್ಣದ ವೈರುಗಳಲ್ಲಿ ಅದು ನೇರಳೆ. ಬಟನ್ ಒತ್ತಿದ ಸುದ್ದಿ ತಿಳಿದೊಡನೆ ಮದರ್‌ಬೋರ್ಡು ಹಸಿರು ವೈರನ್ನು ಗ್ರೌಂಡಿಗೆ ಎಳೆಯುತ್ತದೆ. ಎಸ್‌ಎಂಪಿಎಸ್‌ಗೆ ‘ಶುರು ಮಾಡು’ ಎನ್ನುವ ಸಂಕೇತ ಅದು. ಆಗ 12, 5 ಮತ್ತು 3.3 ವೋಲ್ಟಿನ ಮುಖ್ಯ ಪೂರೈಕೆಗಳು ಏಳುತ್ತವೆ. ಅವು ನೆಲೆಗೊಂಡ ಮೇಲೂ 100ರಿಂದ 500 ಮಿಲಿಸೆಕೆಂಡ್ ಕಾದು, ಬೂದು ವೈರಿನ ಮೂಲಕ ‘ಎಲ್ಲ ಸರಿಯಿದೆ’ ಎಂಬ ಮಾತು ಮದರ್‌ಬೋರ್ಡಿಗೆ ಹೋಗುತ್ತದೆ. ಅಲ್ಲಿಯವರೆಗೆ ಪ್ರೊಸೆಸರನ್ನು ಏಳಲು ಬಿಡುವುದೇ ಇಲ್ಲ. ಅರ್ಧಂಬರ್ಧ ವೋಲ್ಟೇಜಿನಲ್ಲಿ ಲೆಕ್ಕ ಶುರು ಮಾಡಿದರೆ ಪ್ರೊಸೆಸರ್ ಏನು ಮಾಡೀತೆಂದು ಯಾರೂ ಹೇಳಲಾಗದು. ಅದಕ್ಕಾಗಿ ಇಷ್ಟು ಮುಂಜಾಗ್ರತೆ ವಹಿಸಿದ ಎಂಜಿನಿಯರುಗಳ ಬಗ್ಗೆ ನನಗೆ ನಿಜವಾದ ಗೌರವವಿದೆ.

ಈಗ ಏಳದ ಯಂತ್ರಕ್ಕೆ ಬರೋಣ. ಸಂಪೂರ್ಣ ಮೌನವಿದ್ದರೆ ಮೊದಲು ಮದರ್‌ಬೋರ್ಡಿನ ಮೇಲೆ ಎಲ್ಲಾದರೂ ಸಣ್ಣ ದೀಪ ಉರಿಯುತ್ತಿದೆಯೇ ನೋಡಿ. ಹಲವು ಬೋರ್ಡುಗಳಲ್ಲಿ ಅದು ನೇರಳೆ ವೈರಿನ ಸಾಕ್ಷಿ. ಅದಿಲ್ಲದಿದ್ದರೆ ತೊಂದರೆ ಇನ್ನೂ ಹಿಂದೆ ಇದೆ: ಸ್ಪೈಕ್ ಬಸ್ಟರಿನಲ್ಲಿ, ಪವರ್ ಕೇಬಲ್ಲಿನಲ್ಲಿ ಅಥವಾ ಎಸ್‌ಎಂಪಿಎಸ್ಸಿನ ಬೆನ್ನಿನ ಸ್ವಿಚ್ಚಿನಲ್ಲಿ. ಕೆಲಸಕ್ಕೆ ಕೂರುವ ಮೊದಲು ಜಾಗ್ರತೆಗೆಂದು ಆರಿಸಿದ ಆ ಸ್ವಿಚ್ಚನ್ನು ಮತ್ತೆ ಹಾಕಲು ಮರೆಯುವವರು ಬಹಳ. ದೀಪ ಉರಿಯುತ್ತಿದ್ದೂ ಮೌನವಿದ್ದರೆ ಕೋರಿಕೆ ತಲುಪುತ್ತಿಲ್ಲ ಎಂದು ಅನುಮಾನಿಸಬೇಕು. ಬಟನ್ನಿನ ಎರಡು ತಂತಿಗಳು ಬೋರ್ಡಿನ ಅಂಚಿನ ಪುಟ್ಟ ಪಿನ್ನುಗಳಿಗೆ ಸಿಕ್ಕಿಕೊಂಡಿರುತ್ತವೆ. ದೊಡ್ಡ ಕಾರ್ಡ್ ತೂರಿಸುವಾಗ ಕೈ ತಗುಲಿ ಅವು ಕಳಚುವುದುಂಟು. ಮದರ್‌ಬೋರ್ಡಿನ ಕೈಪಿಡಿ ನೋಡಿ, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಕ್ಷಣಮಾತ್ರ ಮುಟ್ಟಿಸಿದರೆ ಯಂತ್ರ ಏಳುತ್ತದೆಯೇ ತಿಳಿಯುತ್ತದೆ. ಎದ್ದರೆ ದೋಷ ಬಟನ್ನಿನದೋ ಅದರ ತಂತಿಯದೋ. ಹಾಗೆಯೇ 24 ಪಿನ್ನಿನ ದೊಡ್ಡ ಕನೆಕ್ಟರು ಗಟ್ಟಿಯಾಗಿರುತ್ತದೆ. ಕೊಕ್ಕೆ ‘ಟಕ್’ ಎಂದು ಕೂರುವವರೆಗೆ ಒತ್ತದಿದ್ದರೆ ಹಸಿರು ವೈರೂ ಮುಟ್ಟದೆ ಉಳಿಯಬಹುದು.

ಎರಡನೆಯ ಬಗೆ ಇನ್ನೂ ಕುತೂಹಲದ್ದು. ಒತ್ತಿದಾಗ ಫ್ಯಾನ್ ಒಂದು ಸುತ್ತು ಹೊರಳಿ ನಿಂತುಬಿಡುತ್ತದೆ. ಆಮೇಲೆ ಎಷ್ಟು ಒತ್ತಿದರೂ ಏನೂ ಇಲ್ಲ. ಇದನ್ನು ಕಂಡಾಗ ಜನ ಹೆದರುತ್ತಾರೆ. ನಿಜವಾಗಿ ಇದು ಎಸ್‌ಎಂಪಿಎಸ್ ತನ್ನ ಕರ್ತವ್ಯ ಮಾಡಿದ ಗುರುತು. ಎಲ್ಲೋ ಶಾರ್ಟ್ ಆಗಿದೆ ಎಂದು ಕಂಡು, ಮನೆಯ ಎಂಸಿಬಿ ಬೀಳುವ ಹಾಗೆ ಅದು ತಾನೇ ಬಿದ್ದುಕೊಂಡಿದೆ. ಪ್ಲಗ್ ಕಿತ್ತು ಕೆಲ ಹೊತ್ತು ಬಿಡುವವರೆಗೆ ಅನೇಕ ಎಸ್‌ಎಂಪಿಎಸ್‌ಗಳು ಮತ್ತೆ ಯತ್ನಿಸುವುದೇ ಇಲ್ಲ. ಹೊಸ ಮದರ್‌ಬೋರ್ಡ್ ಹಾಕಿದ್ದರೆ ಅದರ ಕೆಳಗಿನ ಹಿತ್ತಾಳೆಯ ಗಿಡ್ಡ ಕಂಬಗಳನ್ನು ಎಣಿಸಬೇಕು. ಹಳೆಯ ಬೋರ್ಡಿಗಾಗಿ ಹಾಕಿದ್ದ ಕಂಬವೊಂದು ಹೊಸದರ ತೂತಿಗೆ ಹೊಂದದೆ, ಬೆನ್ನಿನ ಬೆಸುಗೆಗಳಿಗೆ ತಾಗಿ ನಿಂತರೆ ಶಾರ್ಟ್ ಆಗಲು ಅಷ್ಟು ಸಾಕು.

ಕೇಬಲ್ಲುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪ್ರೊಸೆಸರಿಗೆ ಕರೆಂಟು ಕೊಡುವ ಕನೆಕ್ಟರಿಗೆ ಎಂಟು ಪಿನ್, ಗ್ರಾಫಿಕ್ಸ್ ಕಾರ್ಡಿನದಕ್ಕೂ ಎಂಟೇ ಪಿನ್. ಆದರೆ ಒಂದರಲ್ಲಿ 12 ವೋಲ್ಟ್ ಬರುವ ಸಾಲಿನಲ್ಲಿ ಇನ್ನೊಂದಕ್ಕೆ ಗ್ರೌಂಡ್ ಇರುತ್ತದೆ. ಪಿನ್ನುಗಳ ಆಕಾರ ಬೇರೆ ಮಾಡಿ ತಪ್ಪದಂತೆ ನೋಡಿಕೊಂಡಿದ್ದಾರೆ. ಬಲ ಹಾಕಿ ತುರುಕಿದರೆ ಮಾತ್ರ ಆ ಕಾವಲು ಸೋಲುತ್ತದೆ. ಸಾಮಾನ್ಯವಾಗಿ ನಾಲ್ಕು-ನಾಲ್ಕಾಗಿ ಸೀಳುವುದು ಪ್ರೊಸೆಸರಿನದು, ಆರು-ಎರಡಾಗಿ ಸೀಳುವುದು ಕಾರ್ಡಿನದು. ಇನ್ನು ಕೇಬಲ್ ಬಿಚ್ಚಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್ ಕೊಂಡವರು ಹಳೆಯ ಪೆಟ್ಟಿಗೆಯ ಕೇಬಲ್ಲುಗಳನ್ನು ಹೊಸದಕ್ಕೆ ಎಂದೂ ಬಳಸಬಾರದು. ಮದರ್‌ಬೋರ್ಡಿನ ಕಡೆಯ ತುದಿಗೆ ಮಾನದಂಡವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಕನೆಕ್ಟರ್ ಸಲೀಸಾಗಿ ಕೂತರೂ 5 ವೋಲ್ಟ್ ಹೋಗಬೇಕಾದ ಜಾಗಕ್ಕೆ 12 ವೋಲ್ಟ್ ಹೋಗಿ ಹಾರ್ಡ್‌ಡಿಸ್ಕ್ ನಿಜಕ್ಕೂ ಸುಡಬಹುದು. ಡಿಸ್ಕಿನ ಜೊತೆ ಮಕ್ಕಳ ಫೋಟೋಗಳೂ ಹೋಗುತ್ತವೆ, ಅವನ್ನು ಯಾವ ವಾರಂಟಿಯೂ ಹಿಂದಿರುಗಿಸದು.

ಮೂರನೆಯ ಬಗೆಯಲ್ಲಿ ಫ್ಯಾನುಗಳೆಲ್ಲ ತಿರುಗುತ್ತವೆ, ಪರದೆ ಮಾತ್ರ ಕಪ್ಪು. ಜನ ಇದನ್ನೂ ‘ಆನ್ ಆಗುತ್ತಿಲ್ಲ’ ಎಂದೇ ಹೇಳುತ್ತಾರೆ. ಇಲ್ಲಿ ಕರೆಂಟಿನ ಸರದಿ ಬಹುಮಟ್ಟಿಗೆ ಮುಗಿದು, ಪ್ರೊಸೆಸರಿನ ಸರದಿ ಎಡವಿದೆ. ಅದರ ಎಂಟು ಪಿನ್ನಿನ ಕೇಬಲ್ ಹಾಕಲು ಮರೆತಿರಬಹುದು. ಪ್ರೊಸೆಸರ್ ಕೆಲಸ ಮಾಡುವುದು ಸುಮಾರು 1 ವೋಲ್ಟಿನಲ್ಲಿ. 100 ವಾಟ್ ಬೇಕೆಂದರೆ 100 ಆಂಪಿಯರ್ ಹರಿಯಬೇಕು. ಅಷ್ಟನ್ನು ದೂರದಿಂದ ತರಲು ಬಹಳ ದಪ್ಪ ತಂತಿ ಬೇಕಾಗುತ್ತಿತ್ತು. ಆದ್ದರಿಂದ 12 ವೋಲ್ಟಿನಲ್ಲಿ ಎಂಟೊಂಬತ್ತು ಆಂಪಿಯರ್ ತಂದು, ಪ್ರೊಸೆಸರಿನ ಪಕ್ಕದಲ್ಲೇ 1 ವೋಲ್ಟಿಗೆ ಇಳಿಸುತ್ತಾರೆ. 2000ರ ಸುಮಾರಿಗೆ ಪೆಂಟಿಯಂ 4ರ ಹಸಿವು ನೀಗಿಸಲು ಬಂದ ಪ್ರತ್ಯೇಕ ಕನೆಕ್ಟರಿನ ಮುಂದುವರಿಕೆಯೇ ಈ ಎಂಟು ಪಿನ್ನು.

ಕೇಬಲ್ ಸರಿಯಿದ್ದರೆ ರ್‍ಯಾಮ್ ನೋಡಬೇಕು. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಸಂಪರ್ಕಗಳಿವೆ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒಂದರ ಬದಲು ಇನ್ನೊಂದು ಕೂರದು. ಸರಿಯಾದದ್ದೂ ಒಂದು ತುದಿಯಲ್ಲಿ ಕೂದಲೆಳೆಯಷ್ಟು ಮೇಲೆ ನಿಂತಿರಬಹುದು. ತೆಗೆದು ಎರಡೂ ಕಡೆ ಸಮನಾಗಿ ಒತ್ತಿ ಕೂರಿಸಿ. ಡಿಡಿಆರ್5 ಇರುವ ಹೊಸ ಯಂತ್ರವಾದರೆ ತಾಳ್ಮೆ ಬೇಕು. ಮೊದಲ ಸಲ ಅದು ರ್‍ಯಾಮಿನ ಜೊತೆ ಸಮಯ ಹೊಂದಿಸಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತದೆ. ಕೆಟ್ಟಿದೆಯೆಂದು ನಡುವೆ ಆರಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ.

ಪ್ರೊಸೆಸರನ್ನೇ ಬದಲಿಸಿದ್ದರೆ ಬಯಾಸ್, ಅಂದರೆ ಯಂತ್ರವನ್ನು ಎಬ್ಬಿಸುವ ಮದರ್‌ಬೋರ್ಡಿನ ತಂತ್ರಾಂಶ, ಹಳತಾಗಿರಬಹುದು. ಸಾಕೆಟ್ ಒಂದೇ, ಪ್ರೊಸೆಸರ್ ಸರಿಯಾಗಿ ಕೂತಿದೆ, ಆದರೂ ಬೋರ್ಡಿಗೆ ಅದರ ಪರಿಚಯವಿಲ್ಲ. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ ಇದು ಬಹಳ ಜನರನ್ನು ಕಾಡಿತು. ಬಯಾಸ್ ಹೊಸದು ಮಾಡಲು ಯಂತ್ರ ಏಳಬೇಕು, ಯಂತ್ರ ಏಳಲು ಬಯಾಸ್ ಹೊಸದಿರಬೇಕು. 2018ರಲ್ಲಿ ಎಎಂಡಿ ಇಂಥವರಿಗೆ ಹಳೆಯ ಬಯಾಸ್ ಗುರುತಿಸಬಲ್ಲ ಒಂದು ಅಗ್ಗದ ಪ್ರೊಸೆಸರನ್ನು ಕೆಲದಿನದ ಸಾಲವಾಗಿ ಕಳಿಸಿಕೊಟ್ಟಿತ್ತು. ಈಗ ಹಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯಾಸ್ ತುಂಬುವ ಬಟನ್ ಬಂದಿದೆ. ಕೊಳ್ಳುವಾಗ ನಾನಂತೂ ಬಣ್ಣದ ದೀಪಗಳಿಗಿಂತ ಮೊದಲು ಆ ಬಟನ್ ಹುಡುಕುತ್ತೇನೆ.

ಯಾವ ಬಗೆಯೆಂದು ಗೊತ್ತಾಗದಿದ್ದಾಗ ಕೊನೆಗೆ ಹಾಕಿದ್ದನ್ನು ಮೊದಲು ತೆಗೆಯಬೇಕು. ಹಳೆಯ ಸ್ಥಿತಿಗೆ ಮರಳಿದಾಗ ಎದ್ದರೆ ಹುಡುಕುವ ಜಾಗ ಕಿರಿದಾಯಿತು. ಏಳದಿದ್ದರೆ ಪ್ಲಗ್ ಕಿತ್ತು, ಮದರ್‌ಬೋರ್ಡನ್ನು ಹೊರತೆಗೆದು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಮಲಗಿಸಿ. ಅದರ ಬೆಳ್ಳಿ ಬಣ್ಣದ ಚೀಲದ ಮೇಲೆ ಬೇಡ, ಆ ಚೀಲದಲ್ಲಿ ವಿದ್ಯುತ್ ಹರಿಯಬಲ್ಲುದು. ಪ್ರೊಸೆಸರ್, ಅದರ ಕೂಲರ್, ಒಂದೇ ಒಂದು ರ್‍ಯಾಮ್, ಎರಡು ಪವರ್ ಕೇಬಲ್ ಇಟ್ಟುಕೊಂಡು ನೋಡಿ. ಅಲ್ಲಿ ಎದ್ದರೆ ಒಂದೊಂದೇ ಭಾಗ ಸೇರಿಸುತ್ತ ಹೋಗಬೇಕು, ಪ್ರತಿ ಸಲವೂ ಪ್ಲಗ್ ಕಿತ್ತ ಮೇಲೆಯೇ. ಎಸ್‌ಎಂಪಿಎಸ್ಸಿನ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ಕೆಪಾಸಿಟರಿನಲ್ಲಿ 300ಕ್ಕೂ ಹೆಚ್ಚು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಕಾಲ ಉಳಿದಿರಬಹುದು. ಅದು ಜೀವ ತೆಗೆಯುವ ಮಟ್ಟದ್ದು.

ಇಷ್ಟಾದರೂ ಏಳದಿದ್ದರೆ ಸರಿಯಿದೆ ಎಂದು ಗೊತ್ತಿರುವ ಇನ್ನೊಂದು ಎಸ್‌ಎಂಪಿಎಸ್ ಹಚ್ಚಿ ನೋಡಬೇಕು, ಅದಕ್ಕೆ ರಿಪೇರಿ ಅಂಗಡಿಯೇ ಗತಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಾಗಲಿ ನಿಮ್ಮೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಾಗಲಿ, ಅಲ್ಲಿ ಹೋಗಿ ‘ಆನ್ ಆಗ್ತಿಲ್ಲ’ ಎಂದಷ್ಟೇ ಹೇಳಬೇಡಿ. ಏನು ಬದಲಿಸಿದಿರಿ, ಬೋರ್ಡಿನ ದೀಪ ಉರಿಯುತ್ತದೆಯೇ, ಫ್ಯಾನ್ ಹೊರಳಿ ನಿಲ್ಲುತ್ತದೆಯೋ ಓಡುತ್ತಲೇ ಇರುತ್ತದೆಯೋ, ಒಂದೇ ರ್‍ಯಾಮಿನಲ್ಲಿ ಏನಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ರಿಪೇರಿ ಮಾಡುವವರು ಮೊದಲ ಒಂದು ಗಂಟೆ ಹುಡುಕುವುದು ಅದನ್ನೇ.