ನಿಮಗಿದು ಗೊತ್ತೆ? ಎಚ್‌ಐವಿ ದಾಖಲೆಯಲ್ಲಿನ ‘ಸೋಂಕಿನ ಮೂಲ’ ಎಷ್ಟು ನಿಖರ?

ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ತಾಲ್ಲೂಕು ಕೇಂದ್ರಗಳ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಐಸಿಟಿಸಿಯಲ್ಲಿ, ಅಂದರೆ ಆಪ್ತಸಮಾಲೋಚನೆಯೊಡನೆ ರಕ್ತಪರೀಕ್ಷೆ ನಡೆಸುವ ಕೇಂದ್ರದಲ್ಲಿ, ಒಬ್ಬರಿಗೆ ಎಚ್‌ಐವಿ ಇರುವುದು ದೃಢಪಟ್ಟಾಗ ಸೋಂಕು ತಗುಲಿರಬಹುದಾದ ಮಾರ್ಗವನ್ನೂ ದಾಖಲಿಸಲಾಗುತ್ತದೆ. ಆದರೆ ಅದು ಪ್ರಯೋಗಾಲಯದ ಫಲಿತಾಂಶವಲ್ಲ, ಬಹುಮಟ್ಟಿಗೆ ಸೋಂಕಿತರು ಆಪ್ತಸಮಾಲೋಚಕರಿಗೆ ಹೇಳಿದ ಮಾತು. ಮಲೆನಾಡಿನ ಮಂಗನ ಕಾಯಿಲೆಯಲ್ಲಾದರೆ ಅದನ್ನು ಹರಡುವ ಕಾಡಿನ ಉಣುಗುಗಳನ್ನು ಹಿಡಿದು ತಂದು ವೈರಸ್ ಇದೆಯೇ ಎಂದು ಪರೀಕ್ಷಿಸಬಹುದು. ಎಚ್‌ಐವಿಯಲ್ಲಿ ಅಂಥ ದಾರಿಯಿಲ್ಲ; ಜೊತೆಗೆ ಅದು ಚಿಕಿತ್ಸೆಯಿಲ್ಲದೆಯೂ 8–10 ವರ್ಷ ಲಕ್ಷಣ ತೋರದೆ ದೇಹದಲ್ಲಿ ಉಳಿಯಬಲ್ಲದಾದ್ದರಿಂದ, ಸೋಂಕು ಎಂದು ತಗುಲಿತೆಂಬುದೇ ಎಷ್ಟೋ ಸಲ ಸೋಂಕಿತರಿಗೂ ತಿಳಿದಿರುವುದಿಲ್ಲ. ಒಬ್ಬರನ್ನೊಬ್ಬರು ಬಲ್ಲ ಸಣ್ಣ ಊರುಗಳಲ್ಲಿ, ಪುರುಷರ ನಡುವಿನ ಲೈಂಗಿಕ ಸಂಪರ್ಕವನ್ನೋ ಸೂಜಿಯ ಮೂಲಕ ಮಾದಕವಸ್ತು ಚುಚ್ಚಿಕೊಂಡದ್ದನ್ನೋ ಬಾಯಿಬಿಟ್ಟು ಹೇಳಲು ಅಂಜುವವರು ಕಡಿಮೆ ಕಳಂಕದ ಉತ್ತರವನ್ನು ಆಯ್ದುಕೊಳ್ಳುವುದು ಸಹಜವಾಗಿದ್ದು, ಅದಕ್ಕಾಗಿ ಅವರನ್ನು ಜರೆಯುವುದು ಅನ್ಯಾಯ.

ತಾಯಿಯಿಂದ ಮಗುವಿಗೆ ಬಂದ ಸೋಂಕಿನ ದಾಖಲೆ ಹೆಚ್ಚು ಖಚಿತ: ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದಾದ್ದರಿಂದ, ಅಲ್ಲಿ ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ನಡೆಯುತ್ತದೆ. ಇಬ್ಬರು ವಯಸ್ಕರ ವೈರಸ್‌ಗಳ ವಂಶವಾಹಿಯನ್ನು ಹೋಲಿಸಿದರೆ ಅವೆರಡಕ್ಕೂ ನಂಟಿಲ್ಲವೆಂದು ತೋರಿಸಬಹುದೇ ಹೊರತು, ಯಾರಿಂದ ಯಾರಿಗೆ ನೇರವಾಗಿ ದಾಟಿತೆಂದು ಅದೊಂದರಿಂದಲೇ ಸಾಧಿಸಲಾಗದು. ಅಮೆರಿಕದಲ್ಲಿ ಮೂಲ ನಮೂದಾಗದ ಪ್ರಕರಣಗಳನ್ನು ಸಂಖ್ಯಾಶಾಸ್ತ್ರದ ಅಂದಾಜಿನಿಂದ ವಿವಿಧ ಮಾರ್ಗಗಳಿಗೆ ಹಂಚಲಾಗುತ್ತದೆ. ಭಾರತದಲ್ಲಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017 ಸೋಂಕಿತರ ಮಾಹಿತಿಯ ಗೌಪ್ಯತೆಗೆ ಕಾನೂನಿನ ರಕ್ಷಣೆ ಕೊಟ್ಟಿದ್ದು, ನಿಜವನ್ನು ನಿರ್ಭಯವಾಗಿ ಹೇಳಲು ಬೇಕಾದ ಮೊದಲ ಆಸರೆ ಅದೇ ಆಗಿದೆ.