ಮೊಬೈಲ್ ಸ್ಟಾರ್ಟರ್: ಮೊದಲು ಹಸಿರು ಗುಂಡಿ ಅರ್ಥವಾಗಲಿ

ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ಮೂರೆಕರೆಯಲ್ಲಿ ಅರಿಶಿನ, ಬಾಳೆ, ಒಂದಿಷ್ಟು ಚೆಂಡುಹೂ. ನೀರಿಗೆ ಒಂದೇ ಬೋರು, ಅದಕ್ಕೆ 5 ಎಚ್‌ಪಿ ಸಬ್‌ಮರ್ಸಿಬಲ್ ಮೋಟರು. ಮನೆಯಿಂದ ಹೊಲಕ್ಕೆ ಒಂದೂವರೆ ಕಿಲೋಮೀಟರು. ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಿದ್ದ ವಾರ ಟಾರ್ಚು, ದೊಣ್ಣೆ ಹಿಡ್ಕೊಂಡು ಹೊರಡಬೇಕು. ಹಂದಿ, ಚಿರತೆ ಭಯ ಇದ್ದದ್ದೇ. ಗುಂಡಿ ಒತ್ತಿ ಬಂದು ಮಲಗುವಷ್ಟರಲ್ಲಿ ಕರೆಂಟು ಹೋಗಿರುತ್ತೆ. ಮತ್ತೆ ಬಂದಾಗ ಮೋಟರು ತಾನಾಗಿ ಓಡೋದಿಲ್ಲ.

ಇದಕ್ಕೆಂದೇ ಮೊಬೈಲ್ ಸ್ಟಾರ್ಟರ್ ತಂದೆ. ಇದೇನೂ ಹೊಸ ಕಲ್ಪನೆಯಲ್ಲ. ಪುಣೆಯ ಸಂತೋಷ್ ಓಸ್ತವಾಲ್ ಅವರ ‘ನ್ಯಾನೋ ಗಣೇಶ್’ 2009ರಲ್ಲೇ ನೋಕಿಯಾ ಕಂಪನಿಯ ಸ್ಪರ್ಧೆಯಲ್ಲಿ ಬಹುಮಾನ ಪಡೆದಿತ್ತು. ಈಗ ಹಲವು ಕಂಪನಿಗಳ ಪೆಟ್ಟಿಗೆ ಸಿಗುತ್ತವೆ. ಹಾಕಿಕೊಟ್ಟ ಹುಡುಗ “ಒಂದು ಒತ್ತಿದ್ರೆ ಆನ್, ಎರಡು ಒತ್ತಿದ್ರೆ ಆಫ್” ಅಂದು ಬೈಕು ಹತ್ತಿದ. ನಮ್ಮ ಚಿಕ್ಕಪ್ಪ ಅದರ ಹತ್ತಿರವೂ ಸುಳಿಯಲಿಲ್ಲ. ನನಗೂ ಅವರಷ್ಟೇ ಗೊತ್ತಿದ್ದದ್ದು. ಧೈರ್ಯ ಮಾತ್ರ ಜಾಸ್ತಿ ಇತ್ತು.

ಆ ಧೈರ್ಯಕ್ಕೆ ಏಪ್ರಿಲ್‌ನಲ್ಲಿ ದಂಡ ಕಟ್ಟಿದೆ. ಬೋರಿನಲ್ಲಿ ನೀರು ಇಳಿದಿತ್ತು. ನಾನು ಮನೆಯಲ್ಲಿ ಕೂತು ‘ಆನ್’ ಮಾಡಿದೆ, ಮೋಟರು ನೀರಿಲ್ಲದೆ ಓಡಿತು, ಸುಟ್ಟಿತು. ಸಬ್‌ಮರ್ಸಿಬಲ್ ಮೋಟರನ್ನು ತಂಪಾಗಿಡೋದೇ ನೀರು. ಪಂಪಿನ ಹತ್ತಿರ ನಿಂತಿದ್ದರೆ ಪೈಪು ನೋಡಿದ ಕೂಡಲೇ ನಿಲ್ಲಿಸುತ್ತಿದ್ದೆ. ಫೋನಿಗೆ ಕಣ್ಣಿಲ್ಲ.

ರೀವೈಂಡಿಂಗ್ ಅಂಗಡಿಯವರು ನನ್ನನ್ನು ಕೂರಿಸಿ ಒಂದು ಹಳೇ ಸ್ಟಾರ್ಟರ್ ಬಿಚ್ಚಿ ತೋರಿಸಿದರು. ಹಸಿರು ಗುಂಡಿ ಒತ್ತಿದರೆ ಒಳಗಿನ ಕಾಯಿಲ್‌ಗೆ ಕರೆಂಟು ಹರಿದು ಅದು ಅಯಸ್ಕಾಂತವಾಗಿ ಪಟ್ಟಿಯನ್ನು ಎಳೆದು ಹಿಡಿಯುತ್ತೆ. ಕರೆಂಟು ಹೋದರೆ ಪಟ್ಟಿ ಬಿಡುತ್ತೆ. ಅದಕ್ಕೇ ಮತ್ತೆ ಒತ್ತಬೇಕಾದದ್ದು. ಮೊಬೈಲ್ ಪೆಟ್ಟಿಗೆ ಮಾಡೋದು ಇಷ್ಟೇ: ಹಸಿರು ಗುಂಡಿಯ ಎರಡು ತಂತಿಗಳನ್ನು ಕ್ಷಣಕಾಲ ಸೇರಿಸುತ್ತೆ. ಫೋನಿನಲ್ಲಿ ಒಂದೊಂದು ಅಂಕಿಗೂ ಒಂದೊಂದು ಸದ್ದು ಉಂಟಲ್ಲ, ಅದನ್ನು ಪೆಟ್ಟಿಗೆ ಗುರುತು ಹಿಡಿಯುತ್ತೆ.

ಚಿಕ್ಕಪ್ಪನಿಗೆ ಇದನ್ನೇ ಮನೆ ಜಗುಲಿಯಲ್ಲಿ ತೋರಿಸಿದೆ. ಟಾರ್ಚಿನ ಸೆಲ್ಲು, ಸಣ್ಣ ಬಲ್ಬು, ಕಾಲಿಂಗ್ ಬೆಲ್ಲಿನ ಎರಡು ಗುಂಡಿ. ಅಕ್ಕಪಕ್ಕ ಜೋಡಿಸಿದರೆ ಯಾವುದನ್ನು ಒತ್ತಿದರೂ ಬಲ್ಬು ಹತ್ತುತ್ತೆ. ಒಂದು ಸ್ಟಾರ್ಟರಿನ ಹಸಿರು ಗುಂಡಿ, ಇನ್ನೊಂದು ಮೊಬೈಲ್ ಪೆಟ್ಟಿಗೆ. ನಿಲ್ಲಿಸೋದು ಒಂದೇ ಕಾಲುವೆಗೆ ಹಿಂದೊಂದು ಮುಂದೊಂದು ಹಲಗೆ ಇದ್ದ ಹಾಗೆ. ಯಾವುದನ್ನು ಇಳಿಸಿದರೂ ನೀರು ನಿಂತಿತು. ಚಿಕ್ಕಪ್ಪ ನಾಲ್ಕು ಸಲ ಒತ್ತಿ ನೋಡಿ, “ಹಂಗಾದ್ರ ಇದು ಇನ್ನೊಂದು ಬೆರಳು ಕಣ್ಲಾ” ಅಂದರು. ಆ ಹುಡುಗ ಇಷ್ಟು ಹೇಳಿದ್ದರೆ ನನ್ನ ಮೋಟರು ಉಳೀತಿತ್ತು ಅನ್ನೋದಿಲ್ಲ, ಆದರೆ ನಾನು ಮುಂದಿನ ಪ್ರಶ್ನೆ ಕೇಳುತ್ತಿದ್ದೆ: ನೀರಿಲ್ಲದಿದ್ದರೆ ಇದಕ್ಕೆ ಹೇಗೆ ಗೊತ್ತಾಗುತ್ತೆ?

ಗೊತ್ತಾಗೋದು ಆಂಪ್ಸ್‌ನಿಂದ. ನೀರು ಎತ್ತುವಾಗ ನಮ್ಮ ಮೋಟರು 9 ಆಂಪ್ಸ್ ಎಳೆಯುತ್ತೆ. ನೀರು ತಪ್ಪಿದರೆ ಭಾರವಿಲ್ಲ, 6ರ ಹತ್ತಿರ ಇಳಿಯುತ್ತೆ. ಡ್ರೈ ರನ್ ಅನ್ನೋ ಸೆಟ್ಟಿಂಗ್ ಇದರ ನಡುವೆ ಇರಬೇಕು. ನಾವು ಏಳೂವರೆಗೆ ಇಟ್ಟಿದ್ದೇವೆ. ನಮ್ಮ ಅಂಕಿ ನಿಮಗೆ ಬೇಡ, ನಿಮ್ಮ ಮೀಟರನ್ನೇ ನೋಡಿ. ಈ ಸೌಲಭ್ಯವೇ ಇಲ್ಲದ ಅಗ್ಗದ ಪೆಟ್ಟಿಗೆಗಳೂ ಇವೆ. ಒಂದು ಫೇಸ್ ಹೋದರೆ ತಡೆಯುತ್ತಾ ಅಂತಲೂ ಕೇಳಿ.

ಸ್ಟಾರ್ಟರ್ ಬಿಚ್ಚಿ ನೋಡುವುದಾದರೆ ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಗುಂಡಿಯ ತಂತಿಯಲ್ಲೂ 415 ವೋಲ್ಟ್ ಇರಬಹುದು. ತಂತಿ ಜೋಡಿಸೋದು ಎಲೆಕ್ಟ್ರಿಷಿಯನ್ ಕೆಲಸ, ನೀವು ಪಕ್ಕದಲ್ಲಿ ನಿಂತು ಕೇಳಿ.

ಸಿಮ್ ಕೊಳ್ಳುವ ಮೊದಲು ಪಂಪ್‌ಹೌಸ್ ಹತ್ತಿರ ಯಾವ ಕಂಪನಿಯ ಸಿಗ್ನಲ್ ಬರುತ್ತೆ ನೋಡಿ. 2ಜಿ ಮಾತ್ರ ಹಿಡಿಯುವ ಪೆಟ್ಟಿಗೆಗೆ ಜಿಯೋ ಸಿಮ್ ನಡೆಯೋದಿಲ್ಲ. ಕರೆಂಟು ಬಂದ ಕೂಡಲೇ ತಾನೇ ಓಡುವ ‘ಆಟೋ’ ಬೇಕಿದ್ದರೆ ಅಕ್ಕಪಕ್ಕದವರು ಮಾತಾಡಿಕೊಂಡು ಬೇರೆ ಬೇರೆ ನಿಮಿಷ ಇಟ್ಟುಕೊಳ್ಳಿ. ಎಲ್ಲ ಮೋಟರೂ ಒಟ್ಟಿಗೆ ಎದ್ದರೆ ವೋಲ್ಟೇಜು ಕುಸಿಯುತ್ತೆ, ಟ್ರಾನ್ಸ್‌ಫಾರ್ಮರಿಗೂ ಕೇಡು. ನಮ್ಮ ಟ್ರಾನ್ಸ್‌ಫಾರ್ಮರಿನಲ್ಲಿ ನಾನು ಎರಡನೇ ನಿಮಿಷ, ಪಕ್ಕದ ಹೊಲದವರು ನಾಲ್ಕನೆಯದು. ರಾತ್ರಿ ಪಾಳಿಯಲ್ಲಿ ಈಗ ಫೋನು ಚಿಕ್ಕಪ್ಪನ ದಿಂಬಿನ ಪಕ್ಕ ಇರುತ್ತೆ.